ನಿನ್ನೆಯ ಪೇಪರು, ಈ ಹೊತ್ತಿನ ಚೀಲ

ಮುಂಜಾನೆ ಐದೂ ಇಪ್ಪತ್ತು. ಮುಂಬಯಿಯ ಸಯನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಚಾಳಿನ ಮೇಲಂತಸ್ತಿನಲ್ಲಿ, ಹತ್ತಡಿ ಅಗಲ ಹನ್ನೆರಡಡಿ ಉದ್ದದ ಖೋಲಿಯೊಳಗೆ ಮಲ್ಲಕ್ಕ ಫ್ಯಾನು ಆರಿಸುತ್ತಾರೆ. ಕಿಟಕಿ ಮುಚ್ಚುತ್ತಾರೆ. ಬಾಗಿಲಿಗೆ ಚಿಲಕ ಹಾಕಿ, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುತ್ತಾರೆ. ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಕಟ್ಟಿಕೊಂಡು, ಮೂಲೆಯ ಬಚ್ಚಲುಮೋರಿಯಲ್ಲಿ ಕೂತು ಕೈ ತೊಳೆಯಲು ಶುರುಮಾಡುತ್ತಾರೆ. ಬೆರಳ ಸಂದು, ಉಗುರಿನಡಿ, ಹೆಬ್ಬೆರಳಿನ ಬುಡ, ಮಣಿಕಟ್ಟು, ಮೊಣಕೈ. ಕೈ ತೊಳೆಯುವುದೂ ಒಂದು ಕೆಲಸವೇ ಎಂದು ಕೇಳುವವರು ಒಮ್ಮೆ ಇವರು ತೊಳೆಯುವುದನ್ನು ನೋಡಬೇಕು. ಒಬ್ಬರು ನಿಧಾನವಾಗಿ ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಅದು ನಡೆಯುತ್ತದೆ.

ಚಾಪೆಯ ಮೇಲೆ ಮಗಳು ಸೋನಾಲಿ ಅರೆನಿದ್ದೆಯಲ್ಲಿ ಕೂತಿದ್ದಾಳೆ. ಹದಿನೈದು ವರ್ಷ, ಮುಖದ ತುಂಬ ಸಿಡುಕು. ಅವಳ ಹೊಕ್ಕುಳಿನ ಎಡಕ್ಕೆ ಹೊಟ್ಟೆಯೊಳಗಿನಿಂದ ಪೆನ್ಸಿಲಿನಷ್ಟು ದಪ್ಪದ ಮೆತ್ತನೆಯ ಪೈಪೊಂದು ಹೊರಬಂದಿದೆ. ಮಲ್ಲಕ್ಕ ಅದರ ತುದಿಯ ಮುಚ್ಚಳ ತೆಗೆದು ಹೊಸ ಪೈಪಿಗೆ ಜೋಡಿಸುವ ಆ ಮೂರ್ನಾಲ್ಕು ಸೆಕೆಂಡು ಇಬ್ಬರೂ ಉಸಿರು ಬಿಗಿಹಿಡಿಯುತ್ತಾರೆ. ಜೋಡಣೆ ಕೂತ ಮೇಲೆ, ರಾತ್ರಿಯಿಡೀ ಹೊಟ್ಟೆಯಲ್ಲಿದ್ದು ರಕ್ತದ ಕಲ್ಮಶವನ್ನೆಲ್ಲ ಹೀರಿಕೊಂಡ ನೀರು ನೆಲದ ಮೇಲಿನ ಖಾಲಿ ಚೀಲಕ್ಕೆ ಇಳಿಯತೊಡಗುತ್ತದೆ. ಇಪ್ಪತ್ತು ನಿಮಿಷ. ಅದು ಮುಗಿದರೆ ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಿಂದ ಹೊಸ ನೀರು ಹೊಟ್ಟೆಗೆ.

ಇಳಿದು ತುಂಬಿದ ಚೀಲವನ್ನು ಮಲ್ಲಕ್ಕ ಎರಡೂ ಕೈಯಲ್ಲಿ ಎತ್ತಿ, ಪರಾತವೆಂಬ ಅಗಲ ತಟ್ಟೆಯಲ್ಲಿ ಹಾಸಿದ ಕನ್ನಡ ಪೇಪರಿನ ಮೇಲೆ ಮಲಗಿಸುತ್ತಾರೆ. ಪೇಪರು ನಿನ್ನೆಯದು.

‘ಓದು’ ಎನ್ನುತ್ತಾರೆ.

ಸೋನಾಲಿ ಬಗ್ಗಿ, ಚೀಲದ ನೀರಿನೊಳಗಿಂದ ಕಾಣುವ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕುತ್ತಾಳೆ. ‘ಸ... ಹ... ಕಾ... ರಿ... ಸಂ... ಘ... ದ... ವಾ...’ ಅಲ್ಲಿಗೆ ನಿಲ್ಲುತ್ತಾಳೆ. ಕಣ್ಣು ಕಿರಿದು ಮಾಡುತ್ತಾಳೆ. ಮುಂದಕ್ಕೆ ಹೋಗುತ್ತಿಲ್ಲ.

ಹುಡುಗಿಗೆ ಅಕ್ಷರ ಗೊತ್ತಾಗುತ್ತಿಲ್ಲವೋ, ಇಲ್ಲಾ ಕಾಣುತ್ತಲೇ ಇಲ್ಲವೋ? ಎರಡಕ್ಕೂ ಭೂಮಿ ಆಕಾಶದ ಅಂತರವಿದೆ. ಮಲ್ಲಕ್ಕ ಚೀಲವನ್ನು ಪಕ್ಕಕ್ಕೆ ಸರಿಸಿ, ಬರಿಯ ಪೇಪರಿನ ಮೇಲೆ ಬೆರಳಿಟ್ಟು, ‘ಈಗ ಓದು’ ಎನ್ನುತ್ತಾರೆ. ಸೋನಾಲಿ ಆಗಲೂ ತಲೆ ಕೆರೆದುಕೊಳ್ಳುತ್ತಾಳೆ.

‘ಮಮ್ಮಿ, ಯೆ ಕೌನ್ಸಾ ಹೈ? ಬಾಜೂ ಮೆ ಕುಛ್ ಲಟ್ಕಾ ಹುವಾ ಹೈ.’

ಅಬ್ಬ, ಪಕ್ಕದಲ್ಲಿ ನೇತಾಡುವುದು ಬರಿಯ ಅರ್ಕಾವೊತ್ತು, ತಕರಾರು ಅಕ್ಷರದ್ದು, ನೀರಿನದ್ದಲ್ಲ. ಮಾಸ್ಕಿನ ಹಿಂದೆ ಮಲ್ಲಕ್ಕ ಉಸಿರು ಬಿಡುವುದು ಕೇಳಿಸುತ್ತದೆ. ‘ವಾರ್ಷಿಕ ಅಂತದ. ಆಮ್ಯಾಲ ಹೇಳಿಕೊಡ್ತೀನಿ, ಮುಂದಿಂದು ಓದು’ ಎಂದು ಚೀಲವನ್ನು ಮತ್ತೆ ಪೇಪರಿನ ಮೇಲೆ ಎಳೆಯುತ್ತಾರೆ.

ಇಷ್ಟಕ್ಕೆಲ್ಲ ಯಾಕೆ ಈ ಪರಿ ಹೆದರಿಕೆ ಎಂದರೆ, ಹೊಟ್ಟೆಯಿಂದ ಇಳಿದ ನೀರು ತೆಳು ಹಳದಿಯಾಗಿ ತಿಳಿಯಾಗಿರಬೇಕು. ಕೆಳಗಿಟ್ಟ ಅಕ್ಷರ ಅದರೊಳಗಿಂದ ಓದಲು ಬರಬೇಕು. ಬಾರದಿದ್ದರೆ ನೀರು ಕದಡಿದೆ ಎಂದರ್ಥ, ಕದಡಿದರೆ ಹೊಟ್ಟೆಯೊಳಗೆ ಸೋಂಕು ಹೊಕ್ಕಿದೆ ಎಂದರ್ಥ. ಪರೇಲಿನ ಆಸ್ಪತ್ರೆಯಲ್ಲಿ ನರ್ಸ್ ಬಾಯಿ ಕಲಿಸಿಕೊಟ್ಟ ಪರೀಕ್ಷೆ ಇದು. ದಿನಕ್ಕೆ ನಾಲ್ಕು ಚೀಲ, ನಾಲ್ಕು ಪರೀಕ್ಷೆ. ಈ ಪರೀಕ್ಷೆಯಲ್ಲಿ ಮಲ್ಲಕ್ಕ ಒಮ್ಮೆ ತಪ್ಪಿದ್ದಾರೆ.

ಮಲ್ಲಕ್ಕನಿಗೆ ನಲವತ್ತೊಂದು. ಊರು ಅಫಜಲಪುರದ ಕಡೆ. ಮದುವೆಯಾಗಿ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಗಂಡ ಖಂಡಪ್ಪ ಕಟ್ಟಡಗಳಲ್ಲಿ ಪಿಓಪಿ ಕೆಲಸ ಮಾಡುತ್ತಾರೆ. ಬೇರೆಯವರ ಮನೆಗಳಿಗೆಲ್ಲ ಬೆಳ್ಳಗಿನ ಛಾವಣಿ ಕೂರಿಸಿ, ತಾವು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬರುವ ಕೆಲಸ. ಅವರಿಗೆ ಓದು ಬರಹ ಇಲ್ಲ. ಮಲ್ಲಕ್ಕ ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವರು, ಚಾಳಿನ ಈ ಲೈನಿನಲ್ಲಿ ಕನ್ನಡ ಸರಾಗವಾಗಿ ಓದುವವರೆಂದರೆ ಅವರೊಬ್ಬರೇ. ಊರಿನಿಂದ ಮದುವೆ ಕಾರ್ಡ್ ಬರಲಿ, ಹೊಲದ ಪಹಣಿ ಬರಲಿ, ಜನ ಮಲ್ಲಕ್ಕನ ಬಾಗಿಲಿಗೆ ಬರುತ್ತಾರೆ. ಆ ಹೆಮ್ಮೆ ಅವರಿಗೆ ಇದ್ದೇ ಇತ್ತು. ‘ನಾ ಓದಿದ್ರ ಮಂದಿ ಕಣ್ಣ ಮುಚ್ಕೊಂಡ್ ನಂಬ್ತಿದ್ರು’ ಎನ್ನುತ್ತಾರೆ. ಈಗ ಆ ಮಾತನ್ನು ಹೇಳುವಾಗ ದನಿ ತಗ್ಗುತ್ತದೆ.

ಅವರ ಕಸುಬು ಜೋಳದ ರೊಟ್ಟಿ. ಮೊದಲು ಮನೆಯಲ್ಲೇ ತಟ್ಟಿ ಬುಟ್ಟಿಯಲ್ಲಿ ಕಳಿಸುತ್ತಿದ್ದರು. ಮಗಳಿಗೆ ಈ ಪೈಪು ಕೂರಿಸಿದ ದಿನದಿಂದ ಖೋಲಿಯಲ್ಲಿ ಹಿಟ್ಟಿನ ಧೂಳು ಏಳಬಾರದೆಂದಾಯಿತು, ಹಂಚು ಕಟ್ಟಿ ಅಟ್ಟಕ್ಕೇರಿತು. ಈಗ ಶರಣಬಸಪ್ಪ ಎಂಬವರ ಖಾನಾವಳಿಗೆ ಹೋಗಿ ಅಲ್ಲಿಯೇ ತಟ್ಟುತ್ತಾರೆ. ಬೆಳಿಗ್ಗೆ ಏಳಕ್ಕೆ ಹಂಚಿನ ಮುಂದೆ ಕೂತರೆ ಹತ್ತೂವರೆಗೆ ನೂರ ಇಪ್ಪತ್ತು ರೊಟ್ಟಿ. ಹತ್ತೂವರೆಗೆ ಏಳಲೇಬೇಕು, ಹನ್ನೊಂದಕ್ಕೆ, ಸೋನಾಲಿ ಮಧ್ಯಾಹ್ನದ ಶಾಲೆಗೆ ಹೊರಡುವ ಮುಂಚೆ, ಎರಡನೆಯ ಚೀಲ ಕಾದಿರುತ್ತದೆ. ‘ಹಂಚಿನ ಮ್ಯಾಲ ಅರ್ಧ ಬೆಂದದ್ದು ಇದ್ರೂ ಬಿಟ್ಟ ಓಡ್ತಾಳ. ನಾ ಏನೂ ಅನ್ನಂಗಿಲ್ಲ. ತಿರುವಿ ಹಾಕ್ಲಿಕ್ಕೆ ನನಗೂ ಬರ್ತದಲ್ಲ’ ಎನ್ನುತ್ತಾರೆ ಶರಣಬಸಪ್ಪ.

ರೊಟ್ಟಿ ತಟ್ಟುವವರ ಕೈ ಬಲ್ಲವರಿಗೆ ಗೊತ್ತು, ಜೋಳದ ಹಿಟ್ಟು ಉಗುರಿನಡಿ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಮಲ್ಲಕ್ಕ ದಿನ ಬಿಟ್ಟು ದಿನ ಉಗುರು ಕತ್ತರಿಸುತ್ತಾರೆ. ಮೊಣಕೈತನಕ ತೊಳೆಯಲು ಅಡ್ಡಬರುತ್ತವೆಂದು ಹಸಿರು ಗಾಜಿನ ಬಳೆಗಳನ್ನು ತೆಗೆದು ದೇವರ ಪಟಕ್ಕೆ ತೂಗುಹಾಕಿದ್ದಾರೆ. ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗೈಯಲ್ಲಿ ಓಡಾಡುವ ಹೆಂಗಸಿಗೆ ನಮ್ಮ ಜನ ಎಷ್ಟು ಮಾತಾಡಬೇಕೋ ಅಷ್ಟೂ ಆಡಿದ್ದಾರೆ. ‘ಆಡ್ಲಿ ಬಿಡ್ರಿ. ಬಾಯಿಗಿ ಮಾಸ್ಕ್ ನನಗಷ್ಟೇ ಹೇಳ್ಯಾರ, ಅವರಿಗಿ ಹೇಳಿಲ್ಲ’ ಎಂದು ಮಲ್ಲಕ್ಕ ನಗುತ್ತಾರೆ.

ತಿಂಗಳಿಗೆ ನೂರ ಇಪ್ಪತ್ತು ಚೀಲ ಬೇಕು. ಅವು ಇಪ್ಪತ್ತು ರಟ್ಟಿನ ಡಬ್ಬಿಗಳಲ್ಲಿ ಬರುತ್ತವೆ. ಮೆಟ್ಟಿಲು ಕಿರಿದು, ಹೊರುವವರು ಖಂಡಪ್ಪ. ಖೋಲಿಯ ಒಂದು ಗೋಡೆ ಈಗ ಕಾಣುವುದೇ ಇಲ್ಲ, ಸೂರಿನವರೆಗೆ ಡಬ್ಬಿಗಳೇ. ಸೋನಾಲಿ ಅವುಗಳ ಮೇಲೆ ಪುಸ್ತಕವಿಟ್ಟು ಹತ್ತನೆಯ ತರಗತಿಯ ಪಾಠ ಬರೆಯುತ್ತಾಳೆ. ತಿಂಗಳ ಕೊನೆಗೆ ಡಬ್ಬಿ ಇಳಿದಂತೆ ಕಾಲು ಚಾಚಲು ಜಾಗ ಸಿಗುತ್ತದೆ. ಜಾಗ ಹೆಚ್ಚಾದಂತೆಲ್ಲ ಮಲ್ಲಕ್ಕನಿಗೆ ಇನ್ನೊಂದು ಹೆದರಿಕೆ: ಹೊಸ ಡಬ್ಬಿ ಸಮಯಕ್ಕೆ ಬರದಿದ್ದರೆ?

ಕಾಯಿಲೆ ಬಂದದ್ದು ಒಂದೂವರೆ ವರ್ಷದ ಹಿಂದೆ. ಮೊದಲು ಮುಖ ಊದಿತು, ಆಮೇಲೆ ಕಾಲು. ಚಾಳಿನ ಡಾಕ್ಟರ ಮಾತ್ರೆ ಮುಗಿಯುವಷ್ಟರಲ್ಲಿ ಹುಡುಗಿ ಮೆಟ್ಟಿಲು ಹತ್ತಲಾರದಂತಾದಳು. ಪರೇಲಿನಲ್ಲಿ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಮೂರು ತಿಂಗಳು ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಿದರು. ಅದು ಈ ಹುಡುಗಿಗೆ ಒಗ್ಗಲಿಲ್ಲ. ಯಂತ್ರಕ್ಕೆ ಕೂರಿಸಿದಾಗೆಲ್ಲ ಬಿಪಿ ಪಾತಾಳಕ್ಕಿಳಿದು ಎರಡು ಸಲ ಫಿಟ್ಸ್ ಬಂತು. ಕೊನೆಗೆ ಉಳಿದದ್ದು ಈ ಹೊಟ್ಟೆಯ ದಾರಿ. ಮನೆಯಲ್ಲೇ ಮಾಡಬಹುದು, ಶಾಲೆಗೂ ಹೋಗಬಹುದು. ಆದರೆ ಸೋಂಕು ತಗಲಿ ಹೊಟ್ಟೆಯೊಳಗಿನ ಪರದೆ ಕೆಟ್ಟರೆ ಈ ದಾರಿಯೂ ಮುಚ್ಚುತ್ತದೆ. ಬದಲಿ ಕಿಡ್ನಿಯ ಮಾತೂ ಆಗಿದೆ. ತಾಯಿಯ ರಕ್ತದ ಗುಂಪು ಹೊಂದುವುದಿಲ್ಲ, ತಂದೆಗೆ ಸಕ್ಕರೆ ಕಾಯಿಲೆ. ಹೆಸರು ಪಟ್ಟಿಯಲ್ಲಿದೆ, ಸರದಿ ಬಂದಾಗ ಫೋನ್ ಬರುತ್ತದೆ.

ಅಲ್ಲಿಯವರೆಗೆ ಕಾಯುವುದು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು. ಮೇಲಿನ ತಗಡಿನಿಂದ ಒಂದು ಚೂರು ಮಣ್ಣು ಉದುರಿದರೆ ಭಯ. ಪಕ್ಕದ ಖೋಲಿಯಲ್ಲಿ ಯಾರಾದರೂ ಸೀನಿದರೆ ಭಯ. ಶಾಲೆಯಲ್ಲಿ ಗೆಳತಿ ಶ್ರೇಯಾ ಪ್ರೀತಿಯಿಂದ ಹಿಂದಿನಿಂದ ಬಂದು ತಬ್ಬಿಕೊಂಡರೆ ಪೈಪು ಎಳೆಯಿತೇನೋ ಎಂದು ಭಯ. ಖಂಡಪ್ಪ ಕೆಲಸ ಮುಗಿಸಿ ಬಂದರೆ ಕೆಳಗಿನ ನಲ್ಲಿಯಲ್ಲಿ ಮಿಂದು, ಬಟ್ಟೆ ಬದಲಿಸಿಯೇ ಮೆಟ್ಟಿಲು ಹತ್ತಬೇಕು.

‘ಹುಲಿ ಬಂದ್ರ ಕಾಣ್ತದ್ರಿ, ಹಾವ್ ಬಂದ್ರ ಕಾಣ್ತದ’ ಎನ್ನುತ್ತಾರೆ ಮಲ್ಲಕ್ಕ. ‘ಇದು ಕಣ್ಣಿಗಿ ಕಾಣಂಗಿಲ್ಲ. ನನ್ನ ಬೆರಳಿನ ಮ್ಯಾಲೇ ಕುಂತಿರ್ತದ ಅಂತಾರ. ಅಂದ್ಮ್ಯಾಲ ನಾ ಯಾರಿಗಿ ಅಂಜಬೇಕು? ನನಗ ನಾನೇ ಅಂಜಬೇಕು.’

ಖಂಡಪ್ಪನ ತಾಯಿ ಊರಿನಿಂದ ಬಂದಾಗ ಮೈಲಾರಲಿಂಗನ ಭಂಡಾರ ತಂದಿದ್ದರು. ಮೊಮ್ಮಗಳ ಹೊಟ್ಟೆಗೆ ಒಂದು ಚಿಟಿಕೆ ಹಚ್ಚಿದರೆ ದೇವರು ಕಾಯುತ್ತಾನೆ ಎಂಬುದು ಅವರ ನಂಬಿಕೆ. ಅರಿಶಿನದ ಪುಡಿ ಆ ಪೈಪಿನ ಬುಡಕ್ಕೆ ಬಿದ್ದರೆ ಏನಾದೀತು? ಮಲ್ಲಕ್ಕ ಅತ್ತೆಯ ಕೈ ಹಿಡಿದು, ಭಂಡಾರವನ್ನು ಹೊರಗಿನ ಬಾಗಿಲಿನ ಚೌಕಟ್ಟಿಗೆ ಹಚ್ಚಿಸಿದರು. ‘ದೇವ್ರಿಗೂ ಹೊರಗೇ ನಿಂದ್ರಪ್ಪಾ ಅಂದೆ. ಅತ್ತಿ ಎರಡ್ ದಿನ ಮಾತಾಡ್ಲಿಲ್ಲ. ದೇವ್ರು ಏನಂದ್ಕೊಂಡ್ನೋ ಗೊತ್ತಿಲ್ಲ.’

ಇಷ್ಟು ಜಾಗ್ರತೆಯ ಹೆಂಗಸು ತಪ್ಪಿದ್ದು ಎಲ್ಲಿ ಎಂದರೆ, ತನಗೆ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದ ಕೆಲಸದಲ್ಲೇ.

ಮನೆಯಲ್ಲಿ ಮೊದಲ ಚೀಲ ಹಾಕಿದ ದಿನ ಪರೀಕ್ಷೆಗೆಂದು ಒಂದು ಕನ್ನಡ ಪೇಪರಿನ ಹಾಳೆ ಬೇಕಾಯಿತು. ಖಾನಾವಳಿಯಿಂದ ಚಟ್ನಿಪುಡಿ ಕಟ್ಟಿಕೊಟ್ಟ ಹಾಳೆ ಕೈಗೆ ಸಿಕ್ಕಿತು. ಅದು ರಾಶಿ ಭವಿಷ್ಯದ ಪುಟ. ಸೋನಾಲಿಯದು ಕನ್ಯಾ ರಾಶಿ. ನೀರು ತುಂಬಿದ ಚೀಲದ ಕೆಳಗಿಂದ ಮಲ್ಲಕ್ಕ ಓದಿದರು: ‘ಆರೋಗ್ಯದಲ್ಲಿ ಚೇತರಿಕೆ. ಮಕ್ಕಳಿಂದ ಸಂತೋಷ. ದೂರ ಪ್ರಯಾಣ ಬೇಡ.’ ಓದಿ ಕಣ್ಣಲ್ಲಿ ನೀರು ಬಂತು. ಇಂಥ ಹಾಳೆಯನ್ನು ಯಾರಾದರೂ ಎಸೆಯುತ್ತಾರೆಯೇ? ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಡಬ್ಬಿಯ ರಟ್ಟಿನ ತುಂಡಿಗೆ ಟೇಪು ಹಚ್ಚಿ ಅಂಟಿಸಿದರು. ಮರುದಿನವೂ ಅದೇ ಹಾಳೆಯ ಮೇಲೆ ಚೀಲ, ಅದೇ ಸಾಲು. ಏಳು ತಿಂಗಳು, ದಿನಕ್ಕೆ ನಾಲ್ಕು ಸಲ. ಎಂಟುನೂರು ಸಲಕ್ಕೂ ಮೇಲೆ ಅವರು ಆ ಮೂರು ಮಾತು ಓದಿದ್ದಾರೆ. ಕೊನೆಕೊನೆಗೆ ಅದು ಓದುವುದಾಗಿ ಉಳಿದಿರಲಿಲ್ಲ, ಜಪವಾಗಿತ್ತು.

ಹೋದ ಶ್ರಾವಣದ ಒಂದು ಸೋಮವಾರ. ಬೆಳಗಿನ ಚೀಲ ಇಟ್ಟರು, ‘ಆರೋಗ್ಯದಲ್ಲಿ ಚೇತರಿಕೆ’ ಎಂದು ಓದಿದರು, ಮೋರಿಗೆ ಸುರಿದರು. ಹನ್ನೊಂದರದ್ದೂ ಹಾಗೆಯೇ. ಸೋನಾಲಿ ಹೊಟ್ಟೆ ನೋವೆಂದು ಶಾಲೆ ತಪ್ಪಿಸಿದಳು. ಪರೀಕ್ಷೆ ಹತ್ತಿರ ಬಂದಾಗೆಲ್ಲ ಅವಳಿಗೆ ಹೊಟ್ಟೆ ನೋಯುವುದು ಹೊಸದೇನಲ್ಲ, ಮಲ್ಲಕ್ಕ ಒಂದು ಮಾತು ಗದರಿಯೂ ಬಿಟ್ಟರು. ಸಂಜೆಯ ಚೀಲ ಇಳಿಯಿತು. ಹುಡುಗಿಯ ಮೈ ಬೆಚ್ಚಗಾಗಿತ್ತು. ಮಲ್ಲಕ್ಕ ಹಾಳೆಯ ಮೇಲೆ ಚೀಲವಿಟ್ಟು ಓದುತ್ತಿರುವಾಗಲೇ ಖಂಡಪ್ಪ ಮಿಂದು ಒಳಗೆ ಬಂದರು.

‘ಇದೇನಿದು, ಅಕ್ಕಿ ತೊಳದ ನೀರಿನಂಗ ಅದ?’ ಎಂದರು.

‘ಏನೂ ಆಗಿಲ್ಲ, ಅಕ್ಷರ ಕಾಣ್ತಾವ. ಕೇಳು: ಆರೋಗ್ಯದಲ್ಲಿ ಚೇತರಿಕೆ, ಮಕ್ಕಳಿಂದ ಸಂತೋಷ...’

ಖಂಡಪ್ಪ ಮೊಣಕಾಲೂರಿ ಬಗ್ಗಿ ನೋಡಿದರು. ‘ನನಗ ಓದಾಕ ಬರಂಗಿಲ್ಲ, ಖರೇ. ಆದ್ರ ಮಲ್ಲವ್ವಾ, ನನಗಿಲ್ಲಿ ಒಂದ್ ಕರೀ ಗೆರಿನೂ ಕಾಣವಲ್ದು.’

ಆಗ ಮಲ್ಲಕ್ಕ ಮತ್ತೆ ನೋಡಿದರು. ಈ ಸಲ ಖರೇ ನೋಡಿದರು. ಚೀಲದ ಕೆಳಗೆ ಏನೂ ಇರಲಿಲ್ಲ. ಬೆಳ್ಳಗೆ, ಬರೀ ಬೆಳ್ಳಗೆ.

ಟ್ಯಾಕ್ಸಿಯಲ್ಲಿ ಪರೇಲಿಗೆ ಹೋಗುವಾಗ ಆ ಚೀಲವನ್ನು ಮಲ್ಲಕ್ಕನೇ ಮಡಿಲಲ್ಲಿ ಇಟ್ಟುಕೊಂಡಿದ್ದರು. ಕದಡಿದ ಚೀಲ ತರಲೇಬೇಕೆಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ನರ್ಸ್ ಬಾಯಿ ಅದನ್ನು ಮೇಜಿನ ಮೇಲಿದ್ದ ಕಾಗದವೊಂದರ ಮೇಲಿಟ್ಟು ನೋಡಿ, ಯಾವಾಗಿನಿಂದ ಹೀಗಿದೆ ಎಂದು ಮರಾಠಿಯಲ್ಲಿ ಕೇಳಿದರು. ಮಲ್ಲಕ್ಕ ಹಿಂದಕ್ಕೆ ಎಣಿಸತೊಡಗಿದರು. ಬೆಳಗಿನ ಚೀಲ ತಿಳಿಯಾಗಿತ್ತೇ? ಹನ್ನೊಂದರದ್ದು? ನೆನಪು ಮಾಡಿಕೊಂಡರೆ ನೀರು ನೆನಪಾಗಲಿಲ್ಲ, ಬರೀ ಆ ಮೂರು ಮಾತು ನೆನಪಾದವು.

‘ನಾ ಓದಿದ್ದು ಹಾಳಿ ಅಲ್ಲ, ನನ್ನ ಆಸಿ’ ಎನ್ನುತ್ತಾರೆ ಅವರು. ‘ಓದಾಕ ಬರದವ್ರ ಕಣ್ಣಿಗಿ ಕಂಡದ್ದು ನನಗ ಕಾಣ್ಲಿಲ್ಲ. ಅಂವ ಒಂದ್ ತಾಸ್ ತಡಾ ಮಾಡಿ ಬಂದಿದ್ರ?’

ಹನ್ನೊಂದು ದಿನ ಆಸ್ಪತ್ರೆ. ಔಷಧಿಯನ್ನು ಚೀಲದ ನೀರಿಗೇ ಬೆರೆಸಿ ಹೊಟ್ಟೆಗೆ ಬಿಟ್ಟರು. ಆರನೆಯ ದಿನ ನೀರು ತಿಳಿಯಾಯಿತು, ಪೈಪು ಉಳಿಯಿತು. ಡಾಕ್ಟರು ಬೈಯಲಿಲ್ಲ. ‘ಇನ್ನೊಮ್ಮೆ ಇಷ್ಟು ತಡವಾದರೆ ಈ ದಾರಿ ಉಳಿಯುವ ಭರವಸೆ ಕೊಡಲಾರೆ’ ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಮಲ್ಲಕ್ಕನಿಗೆ ಈಗಲೂ ಅನ್ನಿಸುತ್ತದೆ.

ಮನೆಗೆ ಬಂದ ದಿನವೇ ರಟ್ಟಿನಿಂದ ಆ ಹಾಳೆ ಕಿತ್ತರು. ಹರಿಯಲು ಮನಸ್ಸಾಗಲಿಲ್ಲ, ಎಷ್ಟೆಂದರೂ ಶುಭದ ಮಾತು. ಮಡಚಿ ಅಟ್ಟದ ಮೇಲಿನ ಹಂಚಿನ ಅಡಿಗೆ ತಳ್ಳಿದರು. ಇನ್ನು ಮುಂದೆ ದಿನಕ್ಕೊಂದು ಹೊಸ ಪೇಪರು ಎಂದು ಠರಾವಾಯಿತು. ಖಾನಾವಳಿಯ ಎದುರಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಸುಕೇಶ್, ಕಾರ್ಕಳದ ಕಡೆಯವರು, ಹಿಂದಿನ ದಿನದ ಪೇಪರನ್ನು ಮಡಚಿ ತೆಗೆದಿಡುತ್ತಾರೆ. ‘ನಮ್ಮಲ್ಲಿ ಅದನ್ನು ಓದುವವರು ಎಷ್ಟು ಜನ ಮಾರಾಯ್ರೆ? ಇಬ್ಬರೋ ಮೂವರೋ. ಉಳಿದದ್ದು ವಡೆಯ ಎಣ್ಣೆ ಹೀರ್ಲಿಕ್ಕೆ. ಇವರು ತೆಗೆದುಕೊಂಡು ಹೋದರೆ ಆ ಪೇಪರಿಗೂ ಒಂದು ಮರ್ಯಾದೆ’ ಎನ್ನುತ್ತಾರೆ ಸುಕೇಶ್. ರಾಶಿ ಭವಿಷ್ಯದ ಪುಟವನ್ನು ಮಾತ್ರ ಅವರು ಅಲ್ಲಿಯೇ ತೆಗೆದಿಟ್ಟುಕೊಳ್ಳಬೇಕು. ಅದು ಮಲ್ಲಕ್ಕನ ಷರತ್ತು.

ಪೇಪರು ಹೊಸದಾದರೂ ಭಯ ಹಳೆಯದೇ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ. ‘ಮುಖ್ಯ’ ಎಂದು ಕಂಡರೆ ಮುಂದಿನದು ‘ಮಂತ್ರಿ’ ಎಂದು ಬಾಯಿ ತಾನೇ ಹೇಳಿಬಿಡುತ್ತದೆ, ಕಣ್ಣು ಅಲ್ಲಿಗೆ ಹೋಗಿರುವುದೇ ಇಲ್ಲ. ತನ್ನ ಓದಿನ ಮೇಲೆ ಮಲ್ಲಕ್ಕನಿಗೆ ನಂಬಿಕೆ ಹೋಯಿತು. ಸೋನಾಲಿ, ‘ಮೈ ಪಢೂಂಗಿ’ ಎಂದಳು. ಅವಳ ಶಾಲೆ ಮರಾಠಿಯದು, ಮರಾಠಿ ಪೇಪರು ತಂದು ಚೀಲದಡಿ ಇಟ್ಟರು. ಹುಡುಗಿ ರೈಲು ಓಡಿದಂತೆ ಸಾಲು ಸಾಲೇ ಓದಿದಳು. ಅದನ್ನು ಕೇಳಿ ಮಲ್ಲಕ್ಕನಿಗೆ ಇನ್ನಷ್ಟು ದಿಗಿಲಾಯಿತು. ಇವಳೂ ತನ್ನ ಹಾಗೆಯೇ. ಓದುವವರೆಲ್ಲ ಹೀಗೆಯೇ.

ಆ ರಾತ್ರಿ ಹೊಳೆದ ಉಪಾಯವನ್ನು ಅವರು ಯಾರಿಗೂ ಹೇಳಲಿಲ್ಲ, ನಕ್ಕಾರೆಂದು. ಮರುದಿನ ಖಾಲಿ ಡಬ್ಬಿಯ ರಟ್ಟು ಕತ್ತರಿಸಿ, ದಪ್ಪ ಪೆನ್ನಿನಲ್ಲಿ ಅ ಆ ಇ ಈ ಬರೆದು ಮಗಳ ಮುಂದಿಟ್ಟರು. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುವ ಹುಡುಗಿ, ‘ಮೇರೆಕು ಕ್ಯೂಂ? ಬೋರ್ಡ್ ಕಾ ಎಕ್ಸಾಮ್ ಹೈ’ ಎಂದು ಹಾರಾಡಿದಳು. ಎರಡು ದಿನ ಮುನಿಸು. ಮೂರನೆಯ ದಿನ ತಾಯಿ ಕಾರಣ ಹೇಳಿದರು: ‘ನನಗ ಓದಾಕ ಬರ್ತದ, ಅದಕ್ಕ ತಪ್ತೀನಿ. ನಿನಗ ಬರಂಗಿಲ್ಲ, ಅದಕ್ಕ ನೀ ತಪ್ಪಂಗಿಲ್ಲ. ಒಂದೊಂದ್ ಅಕ್ಷರ ನೋಡೇ ಹೇಳಬೇಕು ನೀ.’

ಹುಡುಗಿ ರಟ್ಟು ಎಳೆದುಕೊಂಡಳು. ಎರಡು ತಿಂಗಳಲ್ಲಿ ಅಕ್ಷರ, ಕಾಗುಣಿತ ಮುಗಿಯಿತು. ನರ್ಸ್ ಬಾಯಿ ಈ ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ಇನ್ನೊಬ್ಬ ನರ್ಸನ್ನು ಕರೆದು ಇನ್ನೊಮ್ಮೆ ಹೇಳಿಸಿದರು. ಈಗ ಪ್ರತಿ ಚೀಲಕ್ಕೂ ಮೊದಲು ಸೋನಾಲಿ ಓದುತ್ತಾಳೆ, ಆಮೇಲೆ ಮಲ್ಲಕ್ಕ, ಮನೆಯಲ್ಲಿದ್ದರೆ ಖಂಡಪ್ಪ ಮೂರನೆಯವರು. ಅವರಿಗೆ ಒಂದೇ ಪ್ರಶ್ನೆ: ‘ಕರ್ರಗ ಕಾಣ್ತಾವೇನು?’ ಅವರು ಬಗ್ಗಿ ನೋಡಿ, ಹೂಂ ಎಂದ ಮೇಲೆಯೇ ನೀರು ಮೋರಿಗೆ.

ಶ್ರಾವಣದಿಂದ ಈಚೆಗೆ ಸೋಂಕು ಬಂದಿಲ್ಲ. ಎಷ್ಟು ದಿನವಾಯಿತೆಂದು ಕೇಳಿದರೆ ಮಲ್ಲಕ್ಕ ಹೇಳುವುದಿಲ್ಲ. ಎಣಿಸಿದರೆ ದೃಷ್ಟಿ ತಾಕುತ್ತದೆ.

ಸಂಜೆ ಆರು ಗಂಟೆ. ಸೋನಾಲಿ ಶಾಲೆಯಿಂದ ಬಂದು ಸಮವಸ್ತ್ರ ಬದಲಿಸಿದ್ದಾಳೆ. ಬಾಗಿಲು ಮುಚ್ಚಿದೆ, ಫ್ಯಾನು ನಿಂತಿದೆ. ಆಚೆ ಲೋಕಲ್ ರೈಲಿನ ಸದ್ದು, ಕೆಳಗೆ ಯಾರದೋ ಕುಕ್ಕರಿನ ಸೀಟಿ. ಮೂರನೆಯ ಚೀಲ ತುಂಬಿ ಪೇಪರಿನ ಮೇಲೆ ಮಲಗಿದೆ. ಹುಡುಗಿ ಬಗ್ಗುತ್ತಾಳೆ.

‘ಮಹಾನಗರ ಪಾಲಿಕೆಯ ಅಧಿಕಾರಿಗಳು’ ಎಂದು ಒಂದೇ ಉಸಿರಿಗೆ ಓದಿಬಿಡುತ್ತಾಳೆ.

ಬೇರೆ ಯಾವ ತಾಯಿಯಾದರೂ ಮಗಳಿಗೆ ಕನ್ನಡ ಬಂತೆಂದು ಸಕ್ಕರೆ ಹಂಚುತ್ತಿದ್ದಳು. ಮಲ್ಲಕ್ಕನ ಮುಖ ಬಿಳಿಚುತ್ತದೆ. ‘ಯಾವಾಗ ಕಲ್ತಿ ಇಷ್ಟ್ ಜಲ್ದಿ?’ ಎಂದು ಕೇಳುತ್ತಾರೆ, ಕಳ್ಳತನ ಹಿಡಿದವರ ಹಾಗೆ. ಆಮೇಲೆ ಚೀಲವನ್ನು ಒಂದು ಕೈಯಲ್ಲಿ ತುಸು ಎತ್ತಿ, ಇನ್ನೊಂದು ಕೈಯಲ್ಲಿ ಪೇಪರನ್ನು ತಲೆಕೆಳಗಾಗಿ ತಿರುಗಿಸಿ ಮತ್ತೆ ಚೀಲ ಇಳಿಸುತ್ತಾರೆ.

‘ಮಮ್ಮಿ, ಉಲ್ಟಾ ಹೈ.’

‘ಉಲ್ಟಾನೇ ಓದು.’

ಸೋನಾಲಿ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೂ ಕತ್ತು ಓರೆ ಮಾಡಿ, ಬೆರಳಿಟ್ಟು, ತಡವರಿಸುತ್ತ, ಒಂದೊಂದೇ ಅಕ್ಷರ ಹೇಳುತ್ತಾಳೆ. ಬೇರೊಂದು ಸಾಲಿನ ಹದಿನೆಂಟು ಅಕ್ಷರ. ಮಲ್ಲಕ್ಕ ಪ್ರತಿಯೊಂದಕ್ಕೂ ತಲೆಯಾಡಿಸುತ್ತಾರೆ. ತಾವೂ ನೋಡುತ್ತಾರೆ. ಹೊರಗೆ ಮಿಂದು ಕಾಯುತ್ತಿದ್ದ ಖಂಡಪ್ಪನನ್ನು ಕರೆದು ತೋರಿಸುತ್ತಾರೆ. ಅವರು ಬಗ್ಗಿ, ‘ಕರ್ರಗ ಅದಾವ’ ಎನ್ನುತ್ತಾರೆ. ನೀರು ತಿಳಿಯಾಗಿದೆ. ಇನ್ನು ಮೂರೂವರೆ ತಾಸಿನ ಮಟ್ಟಿಗೆ ಎಲ್ಲವೂ ಸರಿಯಿದೆ.

ಉಲ್ಟಾ ಓದುವುದೂ ರೂಢಿಯಾಗಿಬಿಟ್ಟರೆ? ಮಲ್ಲಕ್ಕ ಅದನ್ನೂ ಯೋಚಿಸಿಟ್ಟಿದ್ದಾರೆ. ‘ಪಕ್ಕದ ಲೈನಿನ್ಯಾಗ ತಮಿಳ್ರು ಅದಾರಲ್ಲ, ಅವರ ಪೇಪರ್ ತರ್ತೀನಿ.’ ಸೋನಾಲಿ ಚಾದರ ಮುಖದ ಮೇಲೆ ಎಳೆದುಕೊಳ್ಳುತ್ತಾಳೆ.

ಮನಸ್ಸಿನಲ್ಲಿ ಏನು ಆಸೆಯಿದೆ ಎಂದರೆ ಮಲ್ಲಕ್ಕ ಆಸ್ಪತ್ರೆಯ ಫೋನಿನ ಮಾತೇ ಎತ್ತುವುದಿಲ್ಲ. ದೊಡ್ಡದನ್ನು ಬಾಯಿಬಿಟ್ಟು ಕೇಳಿದರೆ ಅದು ದೂರ ಹೋದೀತೆಂಬ ಅಂಜಿಕೆ. ಪರಾತ ಒರೆಸುತ್ತ, ಪೇಪರನ್ನು ಮಡಚುತ್ತ ಹೇಳುತ್ತಾರೆ: ‘ದಿನಾ ನಾಕ್ ಸಲ ಪೇಪರ್ ಓದ್ತೀನ್ರಿ. ಜಗತ್ತಿನ್ಯಾಗ ಏನ್ ನಡದದ ಕೇಳ್ರಿ, ಒಂದೂ ಗೊತ್ತಿಲ್ಲ. ಅಕ್ಷರ ಕಂಡ್ವು ಅಂದ್ರ ಮುಗೀತು, ಮುಂದಿನ ಸಾಲ್ ಯಾಕ ನೋಡ್ಲಿ? ಒಂದ್ ದಿನ ಪೇಪರಿನ ಮ್ಯಾಲ ಚೀಲ ಇರಬಾರ್ದು. ಇಕಿ ಸಾಲಿಗಿ ಹೋಗಿರಬೇಕು. ನಾ ಕೈಗಿ ಬಳಿ ಇಟ್ಕೊಂಡು, ಬಾಗಿಲಾ ತಗದು, ಹೊಸ್ತಿಲದಾಗ ಕುಂತು, ಅವತ್ತಿನ ಪೇಪರ್ ಅವತ್ತೇ ಓದಬೇಕು. ಮೊದಲ್ನೇ ಪುಟದಿಂದ ಕಡೀ ಪುಟದ ತನಾ.’

ಚಾದರದೊಳಗಿಂದ ಸೋನಾಲಿಯ ದನಿ ಬರುತ್ತದೆ, ಈ ಸಲ ಕನ್ನಡದಲ್ಲಿ: ‘ರಾಶಿ ಭವಿಷ್ಯನೂ?’

ಮಲ್ಲಕ್ಕ ಮಡಚಿದ ಪೇಪರನ್ನು ರಾತ್ರಿಯ ಚೀಲಕ್ಕೆಂದು ಡಬ್ಬಿಯ ಮೇಲೆ ಇಡುತ್ತಾರೆ.

‘ಅದೊಂದು ಬಿಟ್ಟು.’